ಮುಂ ಎಂದು ಬರೆದ ಟ್ಯೂಬು

ಫಿಲ್ಮಿನ ಮೇಲೆ ಗೆರೆಯೇನೋ ಮೂಡಿತ್ತು. ಆದರೆ ಮೂಡಬಾರದ ಕಡೆ ಮೂಡಿತ್ತು. ಹೆಬ್ಬಾಳದ ಕಡೆಯ ನಮ್ಮ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ ಅದನ್ನು ಎತ್ತಿ ಹಿಡಿದೆ. ಉಲ್ಟಾ ಹಿಡಿದಿದ್ದೇನೇನೋ ಎಂದು ತಿರುಗಿಸಿ ನೋಡಿದೆ. ಇಲ್ಲ, ಗುರುತಿಗೆಂದು ನಾನೇ ಕತ್ತರಿಸಿದ್ದ ಮೂಲೆ ಸರಿಯಾದ ಕಡೆಯೇ ಇತ್ತು. ಹೊರಗೆ ಬಂದು ಕಿಟಕಿಯ ಬೆಳಕಿಗೆ ಹಿಡಿದೆ. ಹಗಲು ಬೆಳಕಿಗೆ ಹೆದರಿ ಜಾಗ ಬದಲಿಸುವ ಗೆರೆಯಲ್ಲ ಅದು, ಅಲ್ಲೇ ಇತ್ತು.

ಯಾವ ಗೆರೆ, ಯಾವ ಕಡೆ ಎಂದು ಹೇಳದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ. ಹೇಳಹೊರಟರೆ ನಮ್ಮ ಮನೆಯವರೇ ಎದ್ದು ಹೋಗುತ್ತಾರೆ. ಆದರೂ ಹೇಳುತ್ತೇನೆ. ಹಸುವಿಗೆ ಕೆಚ್ಚಲು ಬಾವು ಬರುವುದು ಗೊತ್ತಿರುತ್ತದೆ. ಕೆಚ್ಚಲಿನ ಜೀವಕೋಶಗಳಲ್ಲಿ ಕೆಲವು ಪ್ರೋಟೀನುಗಳು ಕಾವಲು ಕೂತಿರುತ್ತವೆ. ರೋಗಾಣು ಬಂದು ತಾಕಿದ ತಕ್ಷಣ ಒಳಗೆ ಸುದ್ದಿ ಮುಟ್ಟಿಸುತ್ತವೆ. ಇದು ಹುಟ್ಟಿನಿಂದಲೇ ಬಂದ ಕಾವಲು, ಲಸಿಕೆ ಹಾಕಿ ಕಲಿಸಬೇಕಾಗಿಲ್ಲ. ಅವುಗಳಲ್ಲಿ ಒಂದು ಗುಂಪಿಗೆ ಟೋಲ್ ರಿಸೆಪ್ಟರ್ ಎನ್ನುತ್ತಾರೆ. ಹೀಗೆಂದು ಅಮ್ಮನಿಗೆ ಹೇಳಿದಾಗ ಅವಳು, "ಟೋಲ್ ಅಂದ್ರೆ, ಏರ್‌ಪೋರ್ಟ್ ರೋಡಿಂದಾ?" ಎಂದಿದ್ದಳು. ಯಲಹಂಕದಲ್ಲಿ ಹುಟ್ಟಿ ಬೆಳೆದವಳಿಗೆ ಬೇರೆ ಟೋಲ್ ಯಾವುದು ಗೊತ್ತಿರುತ್ತದೆ? ಬಂದವರನ್ನೆಲ್ಲ ತಡೆದು ನೋಡುವ ಕೆಲಸ ಎರಡಕ್ಕೂ ಒಂದೇ ಆದ್ದರಿಂದ ನಾನು ತಿದ್ದಲು ಹೋಗಲಿಲ್ಲ.

ಬಾವು ಬಂದ ಕೆಚ್ಚಲಿನಲ್ಲಿ ಆ ರಿಸೆಪ್ಟರ್ ಹೆಚ್ಚುತ್ತದೋ ಕಡಿಮೆಯಾಗುತ್ತದೋ ನೋಡುವುದು ನನ್ನ ಪಿಎಚ್‌ಡಿ ಕೆಲಸವಾಗಿತ್ತು. ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಸಾವಿರಾರು ಪ್ರೋಟೀನುಗಳ ನಡುವೆ ಅದೊಂದನ್ನೇ ಹುಡುಕಿ ಹೋಗಿ ಅಂಟಿಕೊಳ್ಳುವ ಆಂಟಿಬಾಡಿ ಬೇಕು. ಅಂಟಿದ ಕಡೆ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕಂಪನಿಗಳು ಮಾರುವ ಆಂಟಿಬಾಡಿಗಳೆಲ್ಲ ಮನುಷ್ಯರಿಗೆಂದೋ ಇಲಿಗಳಿಗೆಂದೋ ಮಾಡಿದವು. ನಮ್ಮ ಹಸುವಿನ ಮೇಲೆ ಹಾಕಿದರೆ ಕೆಲವು ಕಂಡಕಂಡದ್ದಕ್ಕೆಲ್ಲ ಅಂಟಿದವು, ಕೆಲವು ಯಾವುದಕ್ಕೂ ಅಂಟಲಿಲ್ಲ. ಕೊನೆಗೆ ನಾವೇ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಹಸುವಿನ ಆ ಪ್ರೋಟೀನಿನ ಒಂದು ತುಣುಕನ್ನು ಮೊಲಕ್ಕೆ ಚುಚ್ಚಿದರೆ, ಇದು ನನ್ನದಲ್ಲ ಎಂದುಕೊಂಡು ಮೊಲದ ಮೈ ಅದರ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಅಂದರೆ ಸೀರಮ್ಮಿನಲ್ಲಿ, ಅದು ಸಿಗುತ್ತದೆ. ಚುಚ್ಚುವ ಮುಂಚೆ ಒಂದಿಷ್ಟು ರಕ್ತ ತೆಗೆದಿಟ್ಟುಕೊಳ್ಳಬೇಕು, ಚುಚ್ಚಿದ ಮೇಲೆ ಒಂದಿಷ್ಟು ತೆಗೆಯಬೇಕು, ಎರಡನ್ನೂ ಪಕ್ಕಪಕ್ಕದಲ್ಲಿ ಪರೀಕ್ಷಿಸಬೇಕು. ಮುಂಚಿನದರಲ್ಲಿ ಗೆರೆ ಬರಬಾರದು, ಆಮೇಲಿನದರಲ್ಲಿ ಬರಬೇಕು.

ನನಗೆ ಮುಂಚಿನದರಲ್ಲಿ ಬಂದಿತ್ತು. ಆಮೇಲಿನದು ಬೋಳು.

ನನ್ನ ಫೆಲೋಶಿಪ್ಪನ್ನು ಆಗಲೇ ಒಮ್ಮೆ ಮುಂದುವರಿಸಿದ್ದರು, ಇನ್ನೊಮ್ಮೆ ಇಲ್ಲವೆಂದೂ ಖಡಾಖಂಡಿತವಾಗಿ ಹೇಳಿದ್ದರು. ಬೇಸಿಗೆ ಕಳೆಯುವಷ್ಟರಲ್ಲಿ ಅದು ಮುಗಿಯುತ್ತಿತ್ತು. ಈ ಆಂಟಿಬಾಡಿ ಇಲ್ಲದಿದ್ದರೆ ಥೀಸಿಸ್ ಇಲ್ಲ, ಇಷ್ಟು ವರ್ಷ ಕೆಚ್ಚಲು ಹಿಡಿದುಕೊಂಡು ಓಡಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಗೈಡ್ ಮೇಡಂ ಮಾತ್ರ ಫಿಲ್ಮ್ ನೋಡಿ ನಕ್ಕುಬಿಟ್ಟರು.

"ಟ್ಯೂಬ್ ಅದಲುಬದಲಾಗಿದೆ ಕಣೇ, ಇನ್ನೇನಿಲ್ಲ. ಅವಳಿಗೆ ಫೋನ್ ಮಾಡಿ ಕೇಳು."

ಅವಳು ಎಂದರೆ ನನ್ನ ಜೂನಿಯರ್. ಬಿಜಾಪುರದ ಕಡೆಯವಳು, ಚಿಕ್ಕಬಾಣಾವರದಲ್ಲಿ ರೂಮು ಮಾಡಿಕೊಂಡಿದ್ದಳು. ಮೊಲದ ಕಿವಿಯ ನರದಿಂದ ಅದಕ್ಕೆ ಗೊತ್ತೇ ಆಗದ ಹಾಗೆ ರಕ್ತ ತೆಗೆಯುವುದು ಅವಳಿಂದ ಮಾತ್ರ ಸಾಧ್ಯವಿತ್ತು. ನನ್ನ ಕೈ ನಡುಗುತ್ತದೆ. ಹಾಗಾಗಿ ಎರಡೂ ಸಲ ಅವಳೇ ತೆಗೆದು, ತಿಳಿ ಬೇರೆ ಮಾಡಿ, ಚಿಕ್ಕ ಟ್ಯೂಬುಗಳಿಗೆ ತುಂಬಿ, ಮುಚ್ಚಳದ ಮೇಲೆ ಬರೆದು ಫ್ರೀಜರಿನಲ್ಲಿಟ್ಟು ಊರಿಗೆ ಹೋಗಿದ್ದಳು. ಅವಳ ಅಕ್ಕನ ಮದುವೆಯಿತ್ತು.

ಆ ಮುಚ್ಚಳದ ಬರಹದ ಹಿಂದೆ ಒಂದು ಕತೆ ಇದೆ. ನವೆಂಬರಿನಲ್ಲಿ ನಮ್ಮ ಕಟ್ಟಡದ ಮುಂದೆ ಬಾವುಟ ಹಾರಿಸಿ, ಎಲ್ಲರಿಗೂ ಲಾಡು ಹಂಚಿದ ಉತ್ಸಾಹದಲ್ಲಿ ಮೇಡಂ ಒಂದು ಅಪ್ಪಣೆ ಹೊರಡಿಸಿದ್ದರು. ಈ ತಿಂಗಳು ಪೂರ್ತಿ ನಮ್ಮ ಲ್ಯಾಬಿನಲ್ಲಿ ಟ್ಯೂಬು, ಡಬ್ಬಿ, ಬಾಟಲಿ, ಎಲ್ಲದರ ಮೇಲೂ ಕನ್ನಡದಲ್ಲೇ ಬರೆಯಬೇಕು. ನಾವೆಲ್ಲ ನವೆಂಬರ್ ಕನ್ನಡಿಗರು. ಉಪ್ಪಿನ ನೀರು, ತೊಳೆಯುವ ನೀರು, ಮುಟ್ಟಬೇಡಿ ಎಂದೆಲ್ಲ ಬರೆದು, ಫೋಟೊ ತೆಗೆದು, ಡಿಸೆಂಬರ್ ಬಂದ ಕೂಡಲೇ ಇಂಗ್ಲಿಷಿಗೆ ಮರಳಿದೆವು. ಅವಳೊಬ್ಬಳು ಮರಳಲಿಲ್ಲ. "ಒಮ್ಮೆ ಹಿಡದಮ್ಯಾಲ ಬಿಡಬಾರದ್ರಿ ಅಕ್ಕಾ" ಎಂದಿದ್ದಳು. ಆದರೆ ಆ ಮುಚ್ಚಳಗಳು ಹೆಬ್ಬೆರಳಿನ ಉಗುರಿಗಿಂತ ಚಿಕ್ಕವು. ಕನ್ನಡದ ಪೂರ್ತಿ ಪದ ಅಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಒಂದರ ಮೇಲೆ ಮುಂ, ಇನ್ನೊಂದರ ಮೇಲೆ ಹಿಂ ಎಂದು ದುಂಡಗೆ ಬರೆದಿದ್ದಳು.

ಫೋನ್ ಮಾಡಿದೆ. ಆ ಕಡೆಯಿಂದ ಬ್ಯಾಂಡಿನವರ ಗದ್ದಲ. ನಾನು ಕಿರುಚಿದೆ, ಅವಳೂ ಕಿರುಚಿದಳು.

"ಮುಂ, ಹಿಂ ಅಂತ ಬರ್ದಿದ್ದೀಯಲ್ಲ, ಅದು ಸರಿಯಾಗಿದೆ ತಾನೆ? ಅದಲುಬದಲಾಗಿಲ್ಲ ತಾನೆ?"

"ಎಲ್ಲಾ ಬರೋಬ್ಬರಿ ಐತ್ರಿ ಅಕ್ಕಾ! ನಾನೇ ಎರಡೆರಡು ಸಲ ನೋಡೀನಿ. ಮುಂ ಅಂದ್ರ ಮುಂ, ಹಿಂ ಅಂದ್ರ ಹಿಂ!"

ಇನ್ನೇನು ಬೇಕು? ಫೋನಿಟ್ಟೆ. ಹೊಸ ಟ್ಯೂಬುಗಳನ್ನು ತೆಗೆದು ಮತ್ತೆ ಮಾಡಿದೆ. ಕೆಚ್ಚಲಿನ ಪ್ರೋಟೀನುಗಳನ್ನು ಕಾಗದದಂಥ ಪೊರೆಯ ಮೇಲೆ ಇಳಿಸಿ, ಅಲ್ಲಿ ಇಲ್ಲಿ ಸುಮ್ಮನೆ ಅಂಟದಿರಲಿ ಎಂದು ಹಾಲಿನ ಪುಡಿ ಕಲಸಿದ ನೀರಿನಲ್ಲಿ ನೆನೆಸಿ, ಎರಡು ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೆ ಮುಂ, ಒಂದಕ್ಕೆ ಹಿಂ ಹಾಕಿದೆ. ಮತ್ತೆ ಅದೇ ಆಯಿತು. ಮುಂ ಹಾಕಿದ ಪಟ್ಟಿಯಲ್ಲಿ, ಇರಬೇಕಾದ ಎತ್ತರದಲ್ಲಿಯೇ, ಕಾಡಿಗೆ ತೀಡಿದಂಥ ಒಂದೇ ಗೆರೆ. ಇಷ್ಟು ಚೊಕ್ಕವಾದ ಗೆರೆ ನನ್ನ ಕೈಯಿಂದ ಅಲ್ಲಿಯವರೆಗೆ ಬಂದಿರಲಿಲ್ಲ. ಚುಚ್ಚುಮದ್ದು ಕಾಣುವ ಮುಂಚೆಯೇ ಈ ಮೊಲದ ರಕ್ತದಲ್ಲಿ ಅದು ಹೇಗೆ ಬಂತು? ಬಂದದ್ದು ಆಮೇಲೆ ಎಲ್ಲಿಗೆ ಹೋಯಿತು? ನನ್ನ ತಲೆ ಕೆಟ್ಟು ಮೊಸರಾಯಿತು. ನಾನು ಹೊಟ್ಟೆಯುರಿಯಿಂದ ಮೊಲವನ್ನೇ ಬೈದೆ. ದರಿದ್ರದ್ದು, ಹೇಳಿದ್ದು ಬಿಟ್ಟು ಬೇರೆಲ್ಲ ಮಾಡಿದೆ ಎಂದು.

ಮೇಡಂ ನಗುವುದನ್ನು ನಿಲ್ಲಿಸಿದರು. ಇನ್ನೊಂದು ಸಲ ರಕ್ತ ತೆಗೆದು ನೋಡಬಹುದಿತ್ತು, ಆದರೆ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು, ಒಪ್ಪಿದಷ್ಟೇ ಸಲ ತೆಗೆಯಬೇಕು. ನಮಗೆ ಉಳಿದಿದ್ದದ್ದು ಕೊನೆಯ ಸಲದ್ದೊಂದೇ. ಕೊನೆಯ ಸಲ ಎಂದರೆ ನಿಜವಾಗಿಯೂ ಕೊನೆಯದು. ಮಂಪರು ಕೊಟ್ಟು ಮೈಯಲ್ಲಿರುವ ರಕ್ತವನ್ನೆಲ್ಲ ತೆಗೆಯುವುದು. ಅದರಿಂದ ಸಿಗುವ ಬಾಟಲಿ ವರ್ಷಗಟ್ಟಲೆ ಬರುತ್ತದೆ. ಟ್ಯೂಬಿನಲ್ಲಿದ್ದದ್ದು ಪರೀಕ್ಷೆಗೆ ಮಾತ್ರ ಸಾಲುವ ಹನಿಗಳು.

"ನಂಬಿಕೆಯಿಲ್ಲದ ಸೀರಮ್‌ಗೋಸ್ಕರ ಒಂದು ಜೀವ ತೆಗೆಯೋದು ನಂಗಿಷ್ಟ ಇಲ್ಲ" ಎಂದರು ಮೇಡಂ. "ಆ ಮೊಲ ಬಿಟ್ಬಿಡೋಣ. ನೀನು ಬೇರೆ ದಾರಿ ನೋಡು."

ಬೇರೆ ದಾರಿ ಎಲ್ಲಿತ್ತು? ಇನ್ನೊಂದು ಮೊಲ, ಇನ್ನೊಂದು ಒಪ್ಪಿಗೆ, ಮತ್ತೆ ಚುಚ್ಚುಮದ್ದು ಎಂದರೆ ನನ್ನ ಫೆಲೋಶಿಪ್ ಅಷ್ಟು ದಿನ ಕಾಯುವುದಿಲ್ಲ. ಇದು ಮೇಡಂಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊಲದ ದಾರಿ ಮಾತ್ರ ಸುಲಭವಾಗಿ ತೆರೆಯಿತು. ಹೆಸರಘಟ್ಟದ ಹತ್ತಿರ ತೋಟ ಮಾಡಿಕೊಂಡಿದ್ದ ವಯಸ್ಸಾದ ದಂಪತಿ ಇಂಥ ಪ್ರಾಣಿಗಳನ್ನು ಸಾಕಿಕೊಳ್ಳುತ್ತಿದ್ದರು. ಸಮಿತಿಯವರೂ ಒಪ್ಪಿದರು. ಕಳಿಸುವ ದಿನ ಗೊತ್ತಾಯಿತು.

ಮನೆಯಲ್ಲಿ ಅಮ್ಮನಿಗೆ ಥೀಸಿಸ್ಸಿನ ವಿಷಯ ಹೇಳಲು ಬಾಯಿ ಬರಲಿಲ್ಲ, ಮೊಲದ ವಿಷಯ ಹೇಳಿದೆ. ನಾನು ಪ್ರಾಣಿಗಳಿಗೆ ಸೂಜಿ ಚುಚ್ಚುವ ಕೆಲಸ ಮಾಡುತ್ತೇನೆಂಬುದು ಅವಳಿಗೆ ಮೊದಲಿನಿಂದಲೂ ಒಂದು ಕೊರಗು. ನೆಂಟರು ಕೇಳಿದರೆ "ಹಾಲಿನ ಡಿಪಾರ್ಟ್‌ಮೆಂಟ್" ಎಂದು ಹೇಳುತ್ತಿದ್ದಳು. ಈಗ ಮೊಲ ತೋಟಕ್ಕೆ ಹೋಗುತ್ತದೆಂದು ಕೇಳಿ ಅವಳ ಮುಖ ಊರಗಲವಾಯಿತು. "ನೋಡು, ಇದು ಪುಣ್ಯದ ಕೆಲಸ" ಎಂದಳು. ಪಕ್ಕದ ಮನೆಯವರಿಗೂ ಹೇಳಿಬಂದಳು. ಅವಳ ಖುಷಿ ನೋಡಿ ನನಗೂ ಸ್ವಲ್ಪ ಸಮಾಧಾನವಾಯಿತು. ನನ್ನ ಬದುಕು ಮುಳುಗಿದರೂ ಒಂದು ಮೊಲವಾದರೂ ದಡ ಸೇರುತ್ತದಲ್ಲ ಎಂದುಕೊಂಡೆ. ಒಂದು ಮಧ್ಯಾಹ್ನ ಹೋಗಿ ಅದನ್ನು ನೋಡಿಯೂ ಬಂದೆ. ಹಸಿ ಸೊಪ್ಪು ಮೆಲ್ಲುತ್ತಾ ಕೂತಿತ್ತು. "ಹೋಗು ಮಹರಾಯ, ಸುಖವಾಗಿರು" ಎಂದೆ. ಆ ಮಾತು ಮನಸ್ಸಿನಿಂದಲೇ ಬಂದಿತ್ತು.

ಮೊಲ ಹೊರಡಬೇಕಾದ ದಿನವೇ ನನ್ನ ಜೂನಿಯರ್ ವಾಪಸು ಬಂದಳು. ಮದುವೆಗೆಂದು ಹೋದವಳು ಜ್ವರ ಬಂದು ಅಲ್ಲೇ ಉಳಿದುಬಿಟ್ಟಿದ್ದಳು. ಸೊರಗಿದ್ದಳು, ಆದರೆ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಇತ್ತು. ಒಂದು ನನ್ನ ಕೈಗಿಟ್ಟು, ಮೇಜಿನ ಮೇಲೆ ಬಿದ್ದಿದ್ದ ಫಿಲ್ಮನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅಯ್ಯ! ಎಷ್ಟ್ ಚಂದ ಬಂದೈತ್ರಿ ಗೆರಿ! ನೀವ್ಯಾಕ ಹಿಂಗ್ ಮಾರಿ ಸಣ್ಣ ಮಾಡ್ಕೊಂಡ್ ಕುಂತೀರಿ?"

"ಚೆನ್ನಾಗೇನೋ ಬಂದಿದೆ. ಮುಂಚೆ ತೆಗೆದಿದ್ರಲ್ಲಿ ಬಂದಿದೆಯಲ್ಲ, ಏನ್ ಮಾಡ್ಲಿ?"

"ಮುಂಚಿಂದ್ರಾಗ ಎಲ್ಲಿ ಬಂದೈತ್ರಿ? ಇಲ್ಲಿ ನೀವೇ ಬರ್ದೀರಲ್ಲ, ಮುಂ ಅಂತ."

"ಅದೇ ಕಣೇ. ಮುಂ. ಮುಂಚೆ."

ಅವಳು ನನ್ನನ್ನು ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು.

"ಅಕ್ಕಾ, ಮುಂ ಅಂದ್ರ ಮುಂದಿಂದ್ರಿ. ಸೂಜಿ ಮಾಡಿದ ಮ್ಯಾಲ, ಮುಂದ ತಗದದ್ದು. ಹಿಂ ಅಂದ್ರ ಹಿಂದಿಂದು, ಮೊದಲ ತಗದಿಟ್ಟದ್ದು."

ಹೋಳಿಗೆ ನನ್ನ ಬಾಯಲ್ಲೇ ಉಳಿಯಿತು. ಮುಂಚೆ ಎಂದರೆ ಮೊದಲು, ಮುಂದೆ ಎಂದರೆ ಆಮೇಲೆ. ಎರಡಕ್ಕೂ ತಲೆ ಒಂದೇ, ಬಾಲ ಬೇರೆ. ಮುಚ್ಚಳ ಚಿಕ್ಕದೆಂದು ಅವಳು ಬಾಲ ಕತ್ತರಿಸಿ ತಲೆ ಮಾತ್ರ ಬರೆದಿದ್ದಳು, ನಾನು ನನಗೆ ಬೇಕಾದ ಬಾಲ ಅಂಟಿಸಿಕೊಂಡಿದ್ದೆ. ಮುಂ ಎಂದರೆ ಮುಂಚೆ ಎಂದು ಒಮ್ಮೆ ತಲೆಗೆ ಹೊಕ್ಕ ಮೇಲೆ ಹಿಂ ಎಂದರೆ ಹಿಂದಿನಿಂದ ಬಂದದ್ದು, ಆಮೇಲಿನದು, ಇನ್ನೇನು? ಹುಟ್ಟಿದಾಗಿನಿಂದ ಕನ್ನಡ ಆಡಿದ ಮೂವರು ಹೆಂಗಸರು, ಮೇಡಂ, ನಾನು, ಅವಳು. ಒಬ್ಬರಿಗೂ ಹೊಳೆಯಲಿಲ್ಲ. ಬೇರೆ ರಾಜ್ಯದವರು ಯಾರಾದರೂ ಆಗಿದ್ದರೆ ಇದರ ಅರ್ಥ ಏನು ಎಂದು ಕೇಳಿಯಾದರೂ ಕೇಳುತ್ತಿದ್ದರು.

ಆಮೇಲೆ ನಾನು ಕುಣಿದೆ. ಇದು ಬರಿಯ ಮಾತಲ್ಲ, ನಿಜವಾಗಿಯೂ ಕುಣಿದೆ. ಅವಳನ್ನು ತಬ್ಬಿಕೊಂಡೆ, ಮೇಡಂ ಕೋಣೆಗೆ ನುಗ್ಗಿ ಹೇಳಿದೆ. ಮೇಡಂ ಕನ್ನಡಕ ತೆಗೆದು ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ, ಕನ್ನಡದಲ್ಲಿ ಬರೀರಿ ಅಂದಿದ್ದು ನಾನೇ ಅಲ್ವೇನೇ!" ಎಂದು ನಗುನಗುತ್ತಲೇ ತಟ್ಟನೆ ನಿಲ್ಲಿಸಿದರು.

"ಮೊಲ ಇವತ್ತಲ್ವಾ ಹೋಗೋದು?"

ನಾನು ಓಡಿದೆ. ಪ್ರಾಣಿಗಳ ಮನೆ ನಮ್ಮ ಕಟ್ಟಡದ ಹಿಂದೆ, ಮರಗಳಾಚೆ. ಚಪ್ಪಲಿ ಕಿತ್ತುಹೋಯಿತು, ಅದನ್ನು ಅಲ್ಲೇ ಬಿಟ್ಟು ಓಡಿದೆ. ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವಾತ ಬಾಗಲೂರಿನ ಕಡೆಯವನು. ಬಾಗಿಲಲ್ಲಿ ನಿಂತಿದ್ದ.

"ಯಾಕ್ ಮೇಡಮ್ಮೋರೆ, ಇಂಗ್ ಓಡ್ಬತ್ತಾ ಇದೀರಾ?"

"ಮೊಲ! ಮೊಲ ಕಳ್ಸಿಬಿಟ್ರಾ?"

"ಇಲ್ಲೇ ಐತೆ, ಬುಟ್ಟೀಲಿ. ವ್ಯಾನು ಎಬ್ಬಾಳದ ಫ್ಲೈಓವರ್ ಮ್ಯಾಲೆ ಸಿಕ್ಕಾಕೊಂಡೈತಂತೆ. ಅದ್ಕೇ ಲೇಟು."

ಸದ್ಯ, ಎಂದೆ. ದೇವರೇ ನೀನಿದ್ದೀಯ, ಎಂದೆ. ಆ ಫ್ಲೈಓವರಿನ ಮೇಲೆ ದಿನಾ ಬಸ್ಸಿನಲ್ಲಿ ನಿಂತು ಶಾಪ ಹಾಕಿದವಳು ನಾನು, ಅವತ್ತು ಅದಕ್ಕೆ ಕೈ ಮುಗಿಯಬೇಕೆನ್ನಿಸಿತು. "ತೆಗೀರಿ, ತೆಗೀರಿ! ಬುಟ್ಟಿಯಿಂದ ತೆಗೀರಿ! ಅದು ಹೋಗಲ್ಲ. ಅದ್ರದ್ದೇ ರಕ್ತ ಬೇಕು ನಮ್ಗೆ!"

"ಓ" ಎಂದ ಆತ. "ಅಂಗಾ."

ಅಷ್ಟೇ ಅಂದದ್ದು. ಬುಟ್ಟಿಯ ಮುಚ್ಚಳ ತೆಗೆದು, ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಕೆಳಗೆ ಕೊಟ್ಟು ಮೊಲವನ್ನು ಎತ್ತಿ ಗೂಡಿನೊಳಗೆ ಬಿಟ್ಟ. ಬುಟ್ಟಿಯಲ್ಲಿ ಹಾಸಿದ್ದ ಹುಲ್ಲನ್ನೂ ಗೂಡಿಗೇ ಹಾಕಿದ. ನನ್ನ ಕಡೆ ನೋಡಲಿಲ್ಲ. ಆಗ ನನಗೆ ನಾನು ಕಿರುಚಿದ್ದು ಏನೆಂದು ಕೇಳಿಸಿತು. ಹಿಂದಿನ ವಾರ ಸುಖವಾಗಿರು ಎಂದ ಬಾಯಿಯೇ ಇದು. ಫಿಲ್ಮ್ ನೋಡಿದಾಗಲೂ ನನಗೆ ಅಷ್ಟು ಆಘಾತವಾಗಿರಲಿಲ್ಲ.

ಮೇಡಂ ನನ್ನನ್ನು ಒತ್ತಾಯ ಮಾಡಿದರೆಂದು ಹೇಳಿದರೆ ಅದು ಅನ್ಯಾಯ. ಅವರು ಎದುರಿಗೆ ಕೂರಿಸಿಕೊಂಡು, "ನೋಡು, ಸಮಿತಿಯವ್ರಿಗೆ ಹೇಳ್ಬಹುದು, ಹಳೇ ಒಪ್ಪಿಗೇನೂ ಇನ್ನೂ ಇದೆ. ಆದ್ರೆ ತೋಟಕ್ಕೆ ಕೊಡ್ತೀವಿ ಅಂತಾನೂ ಮಾತು ಕೊಟ್ಟಿದ್ದೀವಿ. ಥೀಸಿಸ್ ನಿಂದು. ನೀನು ಬೇಡ ಅಂದ್ರೆ..." ಎನ್ನುತ್ತಿದ್ದಂತೆಯೇ, "ಮಾಡೋಣ ಮೇಡಂ" ಎಂದೆ. ಅವರ ವಾಕ್ಯ ಮುಗಿಯುವಷ್ಟು ಹೊತ್ತೂ ನಾನು ಕಾಯಲಿಲ್ಲ. ಯೋಚಿಸುತ್ತೇನೆ, ಸಂಕಟಪಡುತ್ತೇನೆ, ಆಮೇಲೆ ಒಪ್ಪುತ್ತೇನೆ ಎಂದು ನನ್ನ ಬಗ್ಗೆ ನಾನೇ ಅಂದುಕೊಂಡಿದ್ದೆ. ಸಂಕಟ ಬಂದದ್ದು ನಿಜ. ಆದರೆ ಮಾತು ಅದಕ್ಕಿಂತ ಮೊದಲು ಬಂದಿತ್ತು.

ಜೂನಿಯರ್ ಅವತ್ತು ಕುಣಿದಿರಲಿಲ್ಲ. ನಾನು ತಬ್ಬಿಕೊಂಡಾಗ ಸುಮ್ಮನೆ ನಿಂತಿದ್ದಳು. ಸಂಜೆ ಬಸ್‌ಸ್ಟಾಪಿನಲ್ಲಿ ಕೇಳಿದಳು, "ಅಕ್ಕಾ, ನಾ ಸುಮ್ಕಿದ್ದಿದ್ರ ಚಲೋ ಇತ್ತೇನ್ರಿ?"

ಇಲ್ಲವೆಂದರೆ ನಾನು ರಾಕ್ಷಸಿ, ಹೌದೆಂದರೆ ಸುಳ್ಳಿ. "ಬಸ್ ಬಂತು ನೋಡು" ಎಂದೆ. ಬಸ್ ಬಂದೂ ಇತ್ತು.

ಸಮಿತಿಯ ಒಪ್ಪಿಗೆ ಮತ್ತೆ ಬಂದಿತು, ತೋಟದ ದಂಪತಿಗೆ ಮೇಡಂ ತಾವೇ ಫೋನ್ ಮಾಡಿ ಕ್ಷಮೆ ಕೇಳಿದರು. ಯಾರ ಕೆಲಸವೋ ಅವರೇ ಎದುರಿಗೆ ನಿಂತಿರಬೇಕೆಂಬುದು ನಮ್ಮಲ್ಲಿ ಒಂದು ನಿಯಮ. ನಿಂತೆ. ಪಶುವೈದ್ಯರು ಮಂಪರು ಕೊಟ್ಟರು. ಮೊಲದ ಮೂಗು ಸ್ವಲ್ಪ ಹೊತ್ತು ಅದುರುತ್ತಿತ್ತು, ಆಮೇಲೆ ನಿಧಾನವಾಯಿತು. ಮತ್ತೆ ಅದಕ್ಕೆ ಎಚ್ಚರವಾಗಲಿಲ್ಲ. ಜೂನಿಯರಿನ ಕೈ ಎಂದಿನಂತೆ ನಯವಾಗಿತ್ತು, ಕಣ್ಣು ಮಾತ್ರ ಸುರಿಯುತ್ತಿತ್ತು. ತುಂಬಿದ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಅದು ಬಿಸಿಯಾಗಿತ್ತು. ಅಷ್ಟು ವರ್ಷ ನಾನು ಆಂಟಿಬಾಡಿಗಳನ್ನು ಮುಟ್ಟಿದ್ದೆಲ್ಲ ಮಂಜುಗಡ್ಡೆಯ ಡಬ್ಬಿಯಿಂದ ತೆಗೆದು. ಕಂಪನಿಗಳಿಂದ ಬರುವುದೂ ಹಾಗೆಯೇ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಕೈ ಕೊರೆಯುವಷ್ಟು ತಣ್ಣಗೆ. ಮೊದಲಿಗೆ ಅವೆಲ್ಲ ಹೀಗೆ ಬಿಸಿಯಾಗಿರುತ್ತವೆ ಎಂಬುದು ನನಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದೆ ಏನು, ಎಂದೂ ಯೋಚಿಸಿರಲಿಲ್ಲ. ಬಾಟಲಿ ಹಿಡಿದುಕೊಂಡು ಗರಬಡಿದವಳಂತೆ ನಿಂತುಬಿಟ್ಟೆ.

"ಕೆಳಗ ಇಡ್ರಿ ಅಕ್ಕಾ" ಎಂದಳು ಅವಳು. "ಅಲುಗಾಡಿದ್ರ ಹೆಪ್ಪುಗಟ್ಟಂಗಿಲ್ಲ."

ಆ ಆಂಟಿಬಾಡಿ ಚಿನ್ನದಂಥದ್ದೇ ಆಯಿತು. ಬಾವು ಬಂದ ಕೆಚ್ಚಲು, ಬಾರದ ಕೆಚ್ಚಲು, ಎಲ್ಲದರಲ್ಲೂ ಒಂದೇ ಗೆರೆ, ಬೇರೆ ಕಲೆಯಿಲ್ಲ. ಥೀಸಿಸ್ ಮುಗಿಯಿತು. ಈಗಲೂ ಬೇರೆ ಲ್ಯಾಬಿನವರು ಒಂದೆರಡು ಹನಿ ಕೇಳುತ್ತಾರೆ, ಕಳಿಸುತ್ತೇನೆ. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ.

ಮೊಲದ ರಕ್ತ ತೆಗೆದ ಆ ದಿನ ನಾನು ಮನೆಗೆ ಬಂದಾಗ ಅಮ್ಮ ಒಲೆಯ ಮುಂದಿದ್ದಳು. ಸೊಗಡಿನ ಅವರೆಕಾಯಿ ಮುಗಿಯುತ್ತಾ ಬಂದಿದೆ, ಇನ್ನು ಸಿಗುವುದಿಲ್ಲವೆಂದು ಹಿತಕಿದ ಬೇಳೆ ಸಾರು ಮಾಡಿದ್ದಳು. ಮೊಲ ಹೊರಡುವುದು ಯಾಕೋ ತಡವಾಗುತ್ತಿದೆ ಎಂದಷ್ಟೇ ಅವಳಿಗೆ ಹೇಳಿಟ್ಟಿದ್ದೆ. ದಿನಾ ವಿಚಾರಿಸುತ್ತಿದ್ದಳು. ಅವತ್ತೂ ತಟ್ಟೆ ಇಡುತ್ತಾ ಕೇಳಿದಳು.

"ಏನೇ, ಮೊಲ ಹೋಯ್ತಾ?"

"ಹೂಂ. ಹೋಯ್ತಮ್ಮ."

"ಸದ್ಯ! ಒಂದು ಜೀವ ಉಳಿಸಿದೆ ಬಿಡು. ಆ ಪುಣ್ಯಾನೇ ನಿನ್ನ ಕಾಯುತ್ತೆ" ಎಂದು ಬಿಸಿ ಅನ್ನದ ಮೇಲೆ ಸಾರು ಸುರಿದಳು.

ಸಾರು ಬಹಳ ರುಚಿಯಾಗಿತ್ತು. ನಾನು ಎರಡನೇ ಸಲ ಹಾಕಿಸಿಕೊಂಡು ಉಂಡೆ.